ಡಿಸ್ಕ್ ನಮ್ಮದೇ, ಆದರೂ ಸಿನಿಮಾ ಫೋನಿಗೆ ಯಾಕೆ ಬರುವುದಿಲ್ಲ?

ಕಪಾಟಿನಲ್ಲಿ ದುಡ್ಡು ಕೊಟ್ಟು ಕೊಂಡ ಸಿನಿಮಾ ಡಿಸ್ಕ್‌ಗಳು ಸಾಲಾಗಿ ಕೂತಿವೆ. ಜೇಬಿನಲ್ಲಿ ಒಳ್ಳೆಯ ಸ್ಕ್ರೀನಿನ ಫೋನ್ ಇದೆ. ಪ್ರಯಾಣದಲ್ಲಿ ಅದೇ ಸಿನಿಮಾ ನೋಡೋಣ ಎಂದರೆ ಆಗುವುದಿಲ್ಲ. ಹಾಡಿನ ಸಿಡಿಯನ್ನು ಕಂಪ್ಯೂಟರಿಗೆ ಹಾಕಿ ಎಂಪಿ3 ಮಾಡಿಕೊಳ್ಳುವುದು ಇಪ್ಪತ್ತು ವರ್ಷದ ಹಿಂದೆಯೇ ಯಾರು ಬೇಕಾದರೂ ಮಾಡುತ್ತಿದ್ದ ಕೆಲಸ. ಸಿನಿಮಾ ಡಿಸ್ಕಿಗೆ ಮಾತ್ರ ಅಂಥ ಸಲೀಸು ದಾರಿ ಇವತ್ತಿಗೂ ಇಲ್ಲ. ವಿಡಿಯೋ ಪರಿವರ್ತಿಸುವ ಉಚಿತ ಸಾಫ್ಟ್‌ವೇರ್‌ಗಳು ಬೇಕಾದಷ್ಟಿವೆ, ಚೆನ್ನಾಗಿಯೂ ಇವೆ. ಅಡ್ಡ ನಿಂತಿರುವುದು ಡಿಸ್ಕಿನೊಳಗಿನ ಡಿಜಿಟಲ್ ಬೀಗ ಮತ್ತು ಆ ಬೀಗಕ್ಕೆ ಕಾವಲು ನಿಂತ ಕಾನೂನು. ಈ ಬೀಗ ಕಳ್ಳರನ್ನು ಒಂದು ದಿನವೂ ತಡೆಯಲಿಲ್ಲ, ಕೊಂಡವರನ್ನು ಮಾತ್ರ ಇಪ್ಪತ್ತೈದು ವರ್ಷದಿಂದ ತಡೆಯುತ್ತಿದೆ ಎಂಬುದು ನನ್ನ ವಾದ.

ಇದನ್ನು ಈಗಲೇ ಎತ್ತಿಕೊಳ್ಳಲು ಕಾರಣವಿದೆ. ಡಿಸ್ಕ್ ಓದುವ ಯಂತ್ರಗಳೇ ಕಡಿಮೆಯಾಗುತ್ತಿವೆ. 2008ರಲ್ಲಿ ಮ್ಯಾಕ್‌ಬುಕ್ ಏರ್ ಲ್ಯಾಪ್‌ಟಾಪ್ ಡಿಸ್ಕ್ ಓದುವ ಡ್ರೈವ್ ಇಲ್ಲದೆ ಬಂದಾಗ ಅದೊಂದು ವಿಚಿತ್ರ ಸುದ್ದಿಯಾಗಿತ್ತು. ಇವತ್ತು ಡ್ರೈವ್ ಇರುವ ಹೊಸ ಲ್ಯಾಪ್‌ಟಾಪ್ ಹುಡುಕಿದರೂ ಸಿಗುವುದು ಕಷ್ಟ. ಸ್ಯಾಮ್‌ಸಂಗ್ 2019ರಲ್ಲಿ ಅಮೆರಿಕದ ಮಾರುಕಟ್ಟೆಗೆ ಹೊಸ ಬ್ಲೂ-ರೇ ಪ್ಲೇಯರ್ ತರುವುದನ್ನು ನಿಲ್ಲಿಸಿತು. 1998ರಿಂದ ಅಂಚೆಯಲ್ಲಿ ಡಿವಿಡಿ ಕಳಿಸುತ್ತಿದ್ದ ನೆಟ್‌ಫ್ಲಿಕ್ಸ್, 2023ರ ಸೆಪ್ಟೆಂಬರ್‌ನಲ್ಲಿ ಆ ಸೇವೆಯನ್ನು ಮುಚ್ಚಿತು. ಖಾಲಿ ಬ್ಲೂ-ರೇ ಡಿಸ್ಕ್ ತಯಾರಿಸುವುದನ್ನು ಸೋನಿ 2025ರ ಫೆಬ್ರವರಿಯಲ್ಲಿ ಕೈಬಿಟ್ಟಿತು. ಡಿಸ್ಕ್ ಕೂಡ ಕಲ್ಲಿನ ಹಾಗೆ ಉಳಿಯುವ ವಸ್ತುವಲ್ಲ. 2006ರಿಂದ 2008ರ ನಡುವೆ ತಯಾರಾದ ತನ್ನ ಕೆಲವು ಡಿವಿಡಿಗಳು ಕೆಟ್ಟುಹೋಗುತ್ತಿವೆ ಎಂದು ವಾರ್ನರ್ ಬ್ರದರ್ಸ್ 2025ರಲ್ಲಿ ಒಪ್ಪಿಕೊಂಡು, ಬದಲಿ ಡಿಸ್ಕ್ ಕೊಡಲು ಮುಂದಾಯಿತು. ಗೀರಿಲ್ಲ, ಧೂಳಿಲ್ಲ, ಜೋಪಾನವಾಗಿ ಇಟ್ಟಿದ್ದ ಡಿಸ್ಕ್‌ಗಳೇ ಓದಲಾಗದಂತೆ ಹಾಳಾಗಿದ್ದವು.

ಎಲ್ಲ ಸ್ಟ್ರೀಮಿಂಗ್‌ನಲ್ಲೇ ಸಿಗುತ್ತದಲ್ಲ, ಡಿಸ್ಕ್ ಯಾಕೆ ಎಂದು ಕೇಳುವವರಿದ್ದಾರೆ. ಎಲ್ಲ ಸಿಗುವುದಿಲ್ಲ, ಸಿಕ್ಕಿದ್ದು ಉಳಿಯುವುದೂ ಇಲ್ಲ. ಪ್ಲೇಸ್ಟೇಷನ್ ಅಂಗಡಿಯಲ್ಲಿ ಜನ ದುಡ್ಡು ಕೊಟ್ಟು ಕೊಂಡಿದ್ದ ಸ್ಟುಡಿಯೋಕನಾಲ್ ಎಂಬ ಕಂಪನಿಯ ಸಿನಿಮಾಗಳನ್ನು ಜರ್ಮನಿ ಮತ್ತು ಆಸ್ಟ್ರಿಯಾದ ಗ್ರಾಹಕರ ಖಾತೆಗಳಿಂದ ತೆಗೆಯುವುದಾಗಿ ಸೋನಿ 2022ರಲ್ಲಿ ಪ್ರಕಟಿಸಿತು. ಬಾಡಿಗೆಗೆ ಪಡೆದಿದ್ದಲ್ಲ, ಕೊಂಡಿದ್ದು! ಕ್ಯಾಲಿಫೋರ್ನಿಯಾದಲ್ಲಿ 2025ರ ಜನವರಿಯಿಂದ ಜಾರಿಗೆ ಬಂದ ಕಾನೂನು ಇಂಥ ವ್ಯಾಪಾರದ ಮೇಲೇ ಕಣ್ಣಿಟ್ಟಿದೆ. ಕೊಡುತ್ತಿರುವುದು ಬರೀ ಲೈಸೆನ್ಸ್ ಆಗಿದ್ದರೆ, ‘ಕೊಳ್ಳಿ’ ಎನ್ನುವ ಬಟನ್ ಇಡುವಾಗ ಅದನ್ನು ಸ್ಪಷ್ಟವಾಗಿ ಹೇಳಲೇಬೇಕು. ಇಂಟರ್ನೆಟ್ ಇಲ್ಲದೆಯೂ ಕಾಯಂ ಆಗಿ ಇಟ್ಟುಕೊಳ್ಳಬಹುದಾದ ಡೌನ್‌ಲೋಡ್ ಕೊಟ್ಟರೆ ಆ ಷರತ್ತು ಇಲ್ಲ. ಕೈಯಲ್ಲಿ ಫೈಲ್ ಇದ್ದರಷ್ಟೇ ಅದು ನಿಮ್ಮದು ಎನ್ನುವ ಮಾತನ್ನು ಕಾನೂನೇ ಒಂದು ರೀತಿಯಲ್ಲಿ ಒಪ್ಪಿದಂತಾಯಿತು ಅಲ್ವಾ?

ಕೈಯಲ್ಲಿ ಹಿಡಿದು ನೋಡುವ ಆಸೆ ಜನರಿಗೆ ಮೊದಲಿಂದಲೂ ಇತ್ತು, ಅದು ಸಿನಿಮಾ ಕಂಪನಿಗಳಿಗೂ ಗೊತ್ತಿತ್ತು. 2005ರಲ್ಲಿ ಸೋನಿಯ ಪಿಎಸ್‌ಪಿ ಎಂಬ ಕೈಯಲ್ಲಿ ಹಿಡಿದು ಆಡುವ ಗೇಮ್ ಯಂತ್ರಕ್ಕೆಂದು ಯುಎಂಡಿ ಎಂಬ ಪುಟ್ಟ ಡಿಸ್ಕಿನಲ್ಲಿ ಸಿನಿಮಾ ಮಾರಿದರು. ಮನೆಯಲ್ಲಿ ಡಿವಿಡಿ ಇದ್ದವರು ಅದೇ ಸಿನಿಮಾವನ್ನು ಇನ್ನೊಮ್ಮೆ ಕೊಳ್ಳಬೇಕಿತ್ತು. ಅದು ನಡೆಯಲಿಲ್ಲ. 2011ರಲ್ಲಿ ಅಲ್ಟ್ರಾವಯಲೆಟ್ ಬಂತು. ಡಿಸ್ಕಿನ ಪೆಟ್ಟಿಗೆಯಲ್ಲಿದ್ದ ಕೋಡ್ ಹಾಕಿದರೆ ಫೋನಿನಲ್ಲೂ ನೋಡಬಹುದು ಎಂದರು. ವಿಚಾರ ಒಳ್ಳೆಯದೇ. ಆದರೆ 2019ರ ಜುಲೈ 31ಕ್ಕೆ ಆ ಸೇವೆಯೇ ಮುಚ್ಚಿತು. ಬೇರೆ ಅಂಗಡಿಯ ಖಾತೆಗೆ ಜೋಡಿಸಿಕೊಂಡಿದ್ದವರ ಸಿನಿಮಾಗಳು ಅಲ್ಲಿ ಉಳಿದವು. ಅದೇ ಹೊತ್ತಿನಲ್ಲಿ, ತಮ್ಮ ಡಿಸ್ಕಿನಿಂದ ತಾವೇ ಫೈಲ್ ಮಾಡಿಕೊಂಡಿದ್ದವರಿಗೆ ಈ ಯಾವ ಬಾಗಿಲು ಮುಚ್ಚಿದರೂ ಏನೂ ಆಗಲಿಲ್ಲ.

ಡಿಸ್ಕಿನಿಂದ ಫೈಲಿಗೆ

ಡಿವಿಡಿಯನ್ನು ಕಂಪ್ಯೂಟರಿನಲ್ಲಿ ತೆರೆದರೆ ‘ವಿಡಿಯೋ_ಟಿಎಸ್’ ಎಂಬ ಫೋಲ್ಡರ್ ಕಾಣುತ್ತದೆ. ಅದರಲ್ಲಿ ವಿಒಬಿ ಎಂಬ ಫೈಲ್‌ಗಳು, ಒಂದೊಂದೂ ಹೆಚ್ಚೆಂದರೆ 1 ಜಿಬಿ. ಒಂದೇ ಸಿನಿಮಾ ಐದಾರು ತುಂಡಾಗಿ ಇರುತ್ತದೆ. ಚಿತ್ರ, ಧ್ವನಿ, ಸಬ್‌ಟೈಟಲ್ ಎಲ್ಲ ಆ ತುಂಡುಗಳಲ್ಲೇ ಹೆಣೆದುಕೊಂಡಿರುತ್ತವೆ. ಯಾವ ತುಂಡಾದ ಮೇಲೆ ಯಾವುದು, ಅಧ್ಯಾಯ ಎಲ್ಲಿಂದ ಶುರು ಎಂಬ ಲೆಕ್ಕ ಐಎಫ್‌ಒ ಫೈಲ್‌ಗಳಲ್ಲಿರುತ್ತದೆ. ಕೆಲವು ಡಿಸ್ಕ್‌ಗಳಲ್ಲಿ ಬೇಕೆಂದೇ 99 ಟೈಟಲ್‌ಗಳನ್ನು, ಅಂದರೆ 99 ಬೇರೆ ಬೇರೆ ವಿಡಿಯೋಗಳಿರುವಂತೆ, ತೋರಿಸುತ್ತಾರೆ. ಅವುಗಳಲ್ಲಿ ನಿಜವಾದ ಸಿನಿಮಾ ಒಂದೇ. ಉಳಿದವು ದೃಶ್ಯಗಳ ಕ್ರಮ ಕೆಟ್ಟ ನಕಲಿಗಳು. ಪರಿವರ್ತಿಸಿದ ಸಿನಿಮಾದಲ್ಲಿ ಕಥೆ ಹಿಂದುಮುಂದಾಗಿದೆ ಎಂದು ಯಾರಾದರೂ ಹೇಳಿದರೆ ಕಾರಣ ಬಹುಮಟ್ಟಿಗೆ ಇದೇ. ಆ ಡಿಸ್ಕನ್ನು ಮೊದಲು ಪ್ಲೇಯರಿನಲ್ಲಿ ಓಡಿಸಿ, ಯಾವ ಟೈಟಲ್ ನಂಬರ್ ಓಡುತ್ತಿದೆ ಎಂದು ನೋಡಿಕೊಳ್ಳುವುದೇ ಇದಕ್ಕೆ ಮದ್ದು.

ಮುಂದಿನ ಕೆಲಸವನ್ನು ಎರಡು ರೀತಿಯಲ್ಲಿ ಮಾಡಬಹುದು. ಈ ಎರಡರ ವ್ಯತ್ಯಾಸ ತಿಳಿದುಕೊಂಡರೆ ಅರ್ಧ ಗೊಂದಲ ಕಳೆಯುತ್ತದೆ. ಮೊದಲನೆಯದು ರೀಮಕ್ಸ್. ಡಿಸ್ಕಿನಲ್ಲಿರುವ ಚಿತ್ರವನ್ನೂ ಧ್ವನಿಯನ್ನೂ ಒಂದು ಚೂರೂ ಮುಟ್ಟದೆ, ತುಂಡುಗಳನ್ನು ಸೇರಿಸಿ ಎಂಕೆವಿಯಂಥ ಒಂದೇ ಫೈಲ್ ಮಾಡುವುದು. ಗುಣಮಟ್ಟ ಹೋಗುವುದಿಲ್ಲ, ಹೆಚ್ಚು ಹೊತ್ತೂ ಹಿಡಿಯುವುದಿಲ್ಲ. ಆದರೆ ಗಾತ್ರ ಡಿಸ್ಕಿನಷ್ಟೇ ಇರುತ್ತದೆ. ಎರಡನೆಯದು ಮತ್ತೆ ಎನ್‌ಕೋಡ್ ಮಾಡುವುದು. ಡಿವಿಡಿಯ ವಿಡಿಯೋ ಎಂಪೆಗ್-2ನಲ್ಲಿದೆ, ಅದು ಹಳೆಯ ಪದ್ಧತಿ. ಅದನ್ನು ಬಿಚ್ಚಿ 2003ರ ಎಚ್.264ನಲ್ಲೋ 2013ರ ಎಚ್‌ಇವಿಸಿಯಲ್ಲೋ 2018ರ ಎವಿ1ನಲ್ಲೋ ಹೊಸದಾಗಿ ಕಟ್ಟಿದರೆ ಫೈಲ್ ಬಹಳ ಚಿಕ್ಕದಾಗುತ್ತದೆ. ಎರಡು ಗಂಟೆಯ ಸಿನಿಮಾಗೆ ಸೆಕೆಂಡಿಗೆ 1.5 ಮೆಗಾಬಿಟ್ ಹಿಡಿದರೆ ವಿಡಿಯೋ ಸುಮಾರು 1.35 ಜಿಬಿ ಆಗುತ್ತದೆ. ಡಿಸ್ಕಿನಲ್ಲಿ ಅದೇ ಸಿನಿಮಾ 5-6 ಜಿಬಿ ಇರಬಹುದು. ಆದರೆ ಹೀಗೆ ಕಟ್ಟುವಾಗ ಸ್ವಲ್ಪ ವಿವರ ಹೋಗುತ್ತದೆ. ಹೋದದ್ದು ವಾಪಸು ಬರುವುದಿಲ್ಲ.

2005ರಲ್ಲಿ ವಿಡಿಯೋ ಐಪಾಡ್ ಬಂದಾಗ ಅದರ ಸ್ಕ್ರೀನ್ 320×240. ಎಷ್ಟೋ ಜನ ತಮ್ಮ ಡಿವಿಡಿಗಳನ್ನೆಲ್ಲ ಅದೇ ಅಳತೆಗೆ ಇಳಿಸಿಕೊಂಡರು. ಅಂದಿಗೆ ಅದು ಸರಿಯಾಗಿಯೇ ಕಾಣುತ್ತಿತ್ತು. ಇಂದಿನ ಫೋನಿನಲ್ಲಿ ಆ ಫೈಲ್ ಹಾಕಿದರೆ ಮುಖಗಳೂ ಮಸುಕು. ಡಿಸ್ಕ್ ಅಷ್ಟರಲ್ಲಿ ಕೆಟ್ಟಿದ್ದರೆ ಮುಗಿಯಿತು. ಹಾಗಾಗಿ ನನ್ನ ಮಾತು ಇಷ್ಟೇ: ಮೊದಲು ರೀಮಕ್ಸ್ ಮಾಡಿ ಮೂಲದಷ್ಟೇ ಗುಣಮಟ್ಟದ ಫೈಲ್ ಒಂದನ್ನು ಹಾರ್ಡ್ ಡಿಸ್ಕಿನಲ್ಲಿಡಿ, ಫೋನಿಗೆ ಬೇಕಾದ ಚಿಕ್ಕ ಕಾಪಿಯನ್ನು ಅದರಿಂದ ಮಾಡಿಕೊಳ್ಳಿ. ಫೋನ್ ಬದಲಾದಾಗ ಕಾಪಿ ಬದಲಿಸಿದರಾಯಿತು. ಅಷ್ಟಕ್ಕೂ ಈಗಿನ ಫೋನ್‌ಗಳಲ್ಲಿ ಜಾಗ ಜಾಸ್ತಿ. ವಿಎಲ್‌ಸಿಯಂಥ ಆ್ಯಪ್ ಎಂಪೆಗ್-2 ಫೈಲನ್ನು ನೇರವಾಗಿ ಓಡಿಸುತ್ತದೆ. ಪ್ರಯಾಣಕ್ಕೆ ಒಂದೆರಡು ಸಿನಿಮಾ ಸಾಕು ಎನ್ನುವವರು ಎನ್‌ಕೋಡ್ ಮಾಡಲೇಬೇಕೆಂದಿಲ್ಲ.

ಎನ್‌ಕೋಡ್ ಮಾಡುವವರಿಗೆ ಹ್ಯಾಂಡ್‌ಬ್ರೇಕ್ ಸಾಕು. 2003ರಲ್ಲಿ ಶುರುವಾದ ಈ ಉಚಿತ ಸಾಫ್ಟ್‌ವೇರ್ ತನ್ನ 1.0 ಆವೃತ್ತಿ ತಂದದ್ದು 2016ರ ಡಿಸೆಂಬರ್‌ನಲ್ಲಿ. ಅದರಲ್ಲಿ ಆರ್‌ಎಫ್ ಎಂಬ ಒಂದು ಅಂಕಿ ಮುಖ್ಯ. ಅಂಕಿ ಇಳಿದಷ್ಟೂ ಗುಣಮಟ್ಟ ಏರುತ್ತದೆ, ಫೈಲೂ ಬೆಳೆಯುತ್ತದೆ. ಡಿವಿಡಿಗೆ 18ರಿಂದ 22, ಬ್ಲೂ-ರೇಗೆ 20ರಿಂದ 24 ಎಂದು ಅವರೇ ಸಲಹೆ ಕೊಡುತ್ತಾರೆ. ಇದನ್ನು ಸುಮ್ನೆ 20ಕ್ಕೆ ಇಟ್ಟು ಮುಂದೆ ಹೋಗಬಹುದು. ಆದರೆ ಈ ಅಂಕಿ ಸರಿಯಿಟ್ಟರೂ ಸಿನಿಮಾ ಕೆಡಿಸುವ ಬೇರೆ ವಿಷಯಗಳಿವೆ. ಜನ ಎಡವುವುದು ಅಲ್ಲೇ.

ಹಳೆಯ ಟಿವಿಗಳಿಗಾಗಿ ಎಷ್ಟೋ ಡಿವಿಡಿಗಳಲ್ಲಿ ಚಿತ್ರವನ್ನು ಇಂಟರ್‌ಲೇಸ್ ಮಾಡಿ ಇಟ್ಟಿರುತ್ತಾರೆ. ಒಂದು ಸಲಕ್ಕೆ ಬೆಸ ಗೆರೆಗಳು, ಇನ್ನೊಂದು ಸಲಕ್ಕೆ ಸರಿ ಗೆರೆಗಳು. ಫೋನಿನ ಸ್ಕ್ರೀನ್ ಎಲ್ಲ ಗೆರೆಗಳನ್ನೂ ಒಟ್ಟಿಗೆ ತೋರಿಸುವುದರಿಂದ, ಯಾರಾದರೂ ಜೋರಾಗಿ ಕೈ ಬೀಸಿದ ಕೂಡಲೇ ಆ ಕೈಯ ಅಂಚು ಬಾಚಣಿಗೆಯ ಹಲ್ಲಿನಂತೆ ಸೀಳಿಕೊಳ್ಳುತ್ತದೆ. ಎನ್‌ಕೋಡ್ ಮಾಡುವಾಗ ಡಿಇಂಟರ್‌ಲೇಸ್ ಮಾಡದಿದ್ದರೆ ಆ ಗೆರೆಗಳು ಫೈಲಿನಲ್ಲಿ ಕಾಯಂ ಆಗುತ್ತವೆ. ಸಿನಿಮಾದ ಚಿತ್ರೀಕರಣ ಸೆಕೆಂಡಿಗೆ 24 ಫ್ರೇಮ್. ಅಮೆರಿಕ, ಜಪಾನಿನ ಟಿವಿ ಪದ್ಧತಿಯಾದ ಎನ್‌ಟಿಎಸ್‌ಸಿಯ ಡಿಸ್ಕಿನಲ್ಲಿ ಅದನ್ನು 29.97ಕ್ಕೆ ಹೊಂದಿಸಲು ಕೆಲವು ಗೆರೆಗಳನ್ನು ಎರಡು ಸಲ ತೋರಿಸುತ್ತಾರೆ. ಭಾರತ, ಯುರೋಪಿನ ಟಿವಿ ಪದ್ಧತಿಯಾದ ಪಾಲ್‌ನ ಡಿಸ್ಕಿನಲ್ಲಿ ಇಡೀ ಸಿನಿಮಾವನ್ನೇ 25ಕ್ಕೆ ಓಡಿಸುತ್ತಾರೆ. ಅದಕ್ಕೇ 120 ನಿಮಿಷದ ಸಿನಿಮಾ ಪಾಲ್ ಡಿವಿಡಿಯಲ್ಲಿ ಸುಮಾರು 115 ನಿಮಿಷಕ್ಕೆ ಮುಗಿಯುತ್ತದೆ. ದೃಶ್ಯ ಕತ್ತರಿಸಿದ್ದಾರೆ ಎಂದು ಗಾಬರಿಯಾಗಬೇಕಿಲ್ಲ.

ಚಿತ್ರದ ಆಕಾರದ್ದು ಇನ್ನೊಂದು ಕಥೆ. ಪಾಲ್ ಡಿವಿಡಿಯಲ್ಲಿ ಚಿತ್ರ 720×576, ಎನ್‌ಟಿಎಸ್‌ಸಿಯಲ್ಲಿ 720×480. ಅಗಲ ತೆರೆಯ ಸಿನಿಮಾವನ್ನೂ ಅದೇ ಚೌಕಟ್ಟಿಗೆ ಹಿಂಡಿ ತುಂಬಿರುತ್ತಾರೆ, ಪ್ಲೇಯರ್ ಅದನ್ನು ಹಿಗ್ಗಿಸಿ ತೋರಿಸುತ್ತದೆ. ಈ ಮಾಹಿತಿ ಕಳೆದುಹೋದರೆ ಫೋನಿನಲ್ಲಿ ಎಲ್ಲರೂ ಉದ್ದುದ್ದ, ತೆಳ್ಳಗೆ ಕಾಣುತ್ತಾರೆ.

ಧ್ವನಿಯ ವಿಷಯವನ್ನು ಬಹಳ ಮಂದಿ ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಡಿಸ್ಕಿನ ಧ್ವನಿ ಸಾಮಾನ್ಯವಾಗಿ 5.1, ಅಂದರೆ ಆರು ಚಾನೆಲ್. ಮಾತು ಹೆಚ್ಚಾಗಿ ನಡುವಿನ ಒಂದೇ ಚಾನೆಲ್ಲಿನಲ್ಲಿ ಇರುತ್ತದೆ. ಇದನ್ನು ಇಯರ್‌ಫೋನಿನ ಎರಡು ಚಾನೆಲ್‌ಗೆ ಇಳಿಸಿದಾಗ ಮಾತು ಕೇಳದಷ್ಟು ಮೆಲ್ಲಗೆ, ಸ್ಫೋಟ ಕಿವಿ ಹರಿಯುವಷ್ಟು ಜೋರಾಗಿ ಬರುವುದುಂಟು. ಮನೆಯ ನಿಶ್ಶಬ್ದದಲ್ಲಿ ಹೇಗೋ ಸಹಿಸಬಹುದು, ಓಡುವ ಬಸ್ಸಿನಲ್ಲಿ ಸಾಧ್ಯವೇ ಇಲ್ಲ. ಇದಕ್ಕೆ ಎಎಸಿ ಸ್ಟೀರಿಯೋ ಟ್ರ್ಯಾಕ್ ಒಂದನ್ನು ಬೇರೆ ಮಾಡಿ, ಹ್ಯಾಂಡ್‌ಬ್ರೇಕ್‌ನಲ್ಲಿರುವ ಡಿಆರ್‌ಸಿ ಸೆಟ್ಟಿಂಗನ್ನು ಸ್ವಲ್ಪ ಏರಿಸಬೇಕು. ಅದು ಮೆಲ್ಲಗಿನದನ್ನು ಎತ್ತುತ್ತದೆ, ಜೋರಾದದ್ದನ್ನು ತಗ್ಗಿಸುತ್ತದೆ. ಸಣ್ಣ ಸ್ಕ್ರೀನಿನಲ್ಲಿ ಚಿತ್ರ ತುಸು ಮಸುಕಾದರೂ ಸಿನಿಮಾ ನೋಡಬಹುದು. ಮಾತೇ ಕೇಳದಿದ್ದರೆ ನೋಡಿ ಏನು ಪ್ರಯೋಜನ?

ಸಬ್‌ಟೈಟಲ್ ಅಕ್ಷರಗಳಂತೆ ಕಂಡರೂ ಡಿಸ್ಕಿನಲ್ಲಿ ಅವು ಪುಟ್ಟ ಪುಟ್ಟ ಚಿತ್ರಗಳು. ಎಂಕೆವಿ ಅವನ್ನು ಹಾಗೆಯೇ ಇಟ್ಟುಕೊಳ್ಳುತ್ತದೆ. ಎಂಪಿ4ರಲ್ಲಿ ಎಲ್ಲ ಪ್ಲೇಯರ್‌ಗಳೂ ಅವನ್ನು ತೋರಿಸುವುದಿಲ್ಲ. ಅಕ್ಷರ ಗುರುತಿಸುವ ಸಾಫ್ಟ್‌ವೇರಿನಿಂದ ಪಠ್ಯ ಮಾಡಿಕೊಳ್ಳಬಹುದು, ಆದರೆ ತಪ್ಪುಗಳನ್ನು ಕೂತು ತಿದ್ದಬೇಕು. ಪಾತ್ರಗಳು ನಡುವೆ ಬೇರೆ ಭಾಷೆ ಮಾತಾಡಿದಾಗ ಮಾತ್ರ ಬರುವ ನಾಲ್ಕೈದು ಸಾಲುಗಳನ್ನು ಫೋರ್ಸ್ಡ್ ಸಬ್‌ಟೈಟಲ್ ಎನ್ನುತ್ತಾರೆ. ಅವನ್ನು ಸೇರಿಸಲು ಮರೆತರೆ ಕಥೆಯ ತಿರುವೇ ತಿಳಿಯದೆ ಹೋಗಬಹುದು.

ಈಚೆಗೆ ಎಐ ಬಳಸಿ ಡಿವಿಡಿಯನ್ನು 4ಕೆ ಮಾಡುತ್ತೇವೆ ಎನ್ನುವ ಸಾಫ್ಟ್‌ವೇರ್‌ಗಳ ಜಾಹೀರಾತು ಎಲ್ಲೆಲ್ಲೂ ಇದೆ. ಬ್ಲೂ-ರೇಯ 1920×1080 ಚಿತ್ರದಲ್ಲಿ ಪಾಲ್ ಡಿವಿಡಿಯ ಐದು ಪಟ್ಟು ಪಿಕ್ಸೆಲ್‌ಗಳಿವೆ. ಡಿವಿಡಿಯಲ್ಲಿ ಇಲ್ಲದ ಆ ವಿವರವನ್ನು ಎಐ ಊಹಿಸಿ ತುಂಬುತ್ತದೆ, ಮುಖದ ಚರ್ಮ ಮೇಣದಂತಾಗುತ್ತದೆ. ಕಾಪಿಡುವ ಫೈಲಿಗೆ ಇದನ್ನು ಮಾಡಲೇಬಾರದು ಎಂಬುದು ನನ್ನ ಖಚಿತ ಅಭಿಪ್ರಾಯ.

ಬೀಗ ಯಾರಿಗೆ?

ಇಷ್ಟೆಲ್ಲ ಮಾಡಲು ಮೊದಲು ಡಿಸ್ಕ್ ತೆರೆಯಬೇಕಲ್ಲ. ಹೆಚ್ಚಿನ ಸಿನಿಮಾ ಡಿವಿಡಿಗಳಲ್ಲಿ ಸಿಎಸ್‌ಎಸ್ ಎಂಬ ಬೀಗವಿದೆ. 1996ರಲ್ಲಿ ಜಪಾನಿನಲ್ಲಿ ಡಿವಿಡಿ ಬಂದಾಗ ಹಾಕಿದ 40 ಬಿಟ್‌ನ ದುರ್ಬಲ ಬೀಗ ಅದು. ಲಿನಕ್ಸ್ ಕಂಪ್ಯೂಟರಿನಲ್ಲಿ ಡಿವಿಡಿ ನೋಡಲು ಅಧಿಕೃತ ದಾರಿ ಇಲ್ಲದಿದ್ದಾಗ, 1999ರಲ್ಲಿ ನಾರ್ವೆಯ ಯೋನ್ ಲೆಕ್ ಯೊಹಾನ್ಸನ್ ಮತ್ತಿತರರ ಡಿಸಿಎಸ್‌ಎಸ್ ಎಂಬ ಪ್ರೋಗ್ರಾಂ ಹೊರಬಂತು. ಆಗ ಯೊಹಾನ್ಸನ್‌ಗೆ 15 ವರ್ಷ. ಅವರ ಮೇಲೆ ಮೊಕದ್ದಮೆ ನಡೆಯಿತು. ತಾನು ಕೊಂಡ ಡಿಸ್ಕನ್ನು ತಾನು ತೆರೆದು ನೋಡುವುದು ಅಪರಾಧವಲ್ಲ ಎಂದು ಅಲ್ಲಿನ ನ್ಯಾಯಾಲಯ 2003ರ ಜನವರಿಯಲ್ಲಿ ಬಿಡುಗಡೆ ಮಾಡಿತು, ಅದೇ ವರ್ಷದ ಕೊನೆಗೆ ಮೇಲ್ಮನವಿಯಲ್ಲೂ ಗೆಲುವು ಸಿಕ್ಕಿತು. ಅಲ್ಲಿಂದ ಈಚೆಗೆ ಸಿಎಸ್‌ಎಸ್ ಹೆಸರಿಗಷ್ಟೇ ಬೀಗ. 2006ರ ಬ್ಲೂ-ರೇಗೆ ಎಎಸಿಎಸ್ ಎಂಬ ಗಟ್ಟಿ ಬೀಗ ತಂದರು. ಮರುವರ್ಷವೇ ಅದರ ಕೀಲಿಯೊಂದು ಇಂಟರ್ನೆಟ್ ತುಂಬ ಹರಿದಾಡಿತು.

ಬೀಗ ಮುರಿದರೂ ಕಾನೂನು ಉಳಿಯಿತು. ಅಮೆರಿಕದ 1998ರ ಡಿಎಂಸಿಎ ಎಂಬ ಹಕ್ಕುಸ್ವಾಮ್ಯ ಕಾನೂನಿನ ಪ್ರಕಾರ, ಕಾಪಿ ಮಾಡಿದ ಉದ್ದೇಶ ಏನೇ ಇರಲಿ, ಬೀಗ ಒಡೆಯುವುದೇ ತಪ್ಪು. ಮೂರು ವರ್ಷಕ್ಕೊಮ್ಮೆ ವಿನಾಯಿತಿ ಕೇಳಬಹುದು. ಪಾಠಕ್ಕೆ, ವಿಮರ್ಶೆಗೆ ಸಿನಿಮಾದ ತುಣುಕು ಬಳಸಲು ವಿನಾಯಿತಿ ಸಿಕ್ಕಿದೆ. ಕೊಂಡ ಡಿವಿಡಿಯನ್ನು ಸ್ವಂತ ಸಾಧನಕ್ಕೆ ಹಾಕಿಕೊಳ್ಳಲು 2012ರಲ್ಲಿ ಕೇಳಿದರು, ಕೊಡಲಿಲ್ಲ. 2015ರಲ್ಲಿ ಮತ್ತೆ ಕೇಳಿದರು, ಆಗಲೂ ಇಲ್ಲ. ಬ್ರಿಟನ್ 2014ರ ಅಕ್ಟೋಬರ್‌ನಲ್ಲಿ ಸ್ವಂತ ಬಳಕೆಯ ಕಾಪಿಗೆ ಅನುಮತಿ ಕೊಟ್ಟಿತು. ಸಂಗೀತ ಉದ್ಯಮದವರು ಕೋರ್ಟಿಗೆ ಹೋದರು, 2015ರ ಜುಲೈನಲ್ಲಿ ಹೈಕೋರ್ಟ್ ಆ ನಿಯಮವನ್ನೇ ರದ್ದು ಮಾಡಿತು. ಜರ್ಮನಿಯಲ್ಲಿ ಖಾಸಗಿ ಕಾಪಿಗೆಂದು ಹಾರ್ಡ್ ಡಿಸ್ಕ್, ಫೋನ್‌ಗಳ ಮೇಲೆ ಶುಲ್ಕ ಹಾಕುತ್ತಾರೆ, ಆದರೆ ಬೀಗ ಒಡೆಯಲು ಬಿಡುವುದಿಲ್ಲ. ಭಾರತದಲ್ಲಿ ಹಕ್ಕುಸ್ವಾಮ್ಯ ಕಾಯ್ದೆಗೆ 2012ರ ತಿದ್ದುಪಡಿ ತಂದ 65ಎ ಕಲಮು ಇವುಗಳಿಗಿಂತ ಸ್ವಲ್ಪ ಬೇರೆ. ಅಲ್ಲಿ ಉದ್ದೇಶ ಮುಖ್ಯ. ಹಕ್ಕುಸ್ವಾಮ್ಯ ಉಲ್ಲಂಘಿಸುವ ಉದ್ದೇಶದಿಂದ ಬೀಗ ಮುರಿದರೆ ಎರಡು ವರ್ಷದವರೆಗೆ ಜೈಲು, ದಂಡ. ನೀವಿರುವ ದೇಶದ ಕಾನೂನು ನೋಡಿಕೊಂಡೇ ಮುಂದುವರಿಯಬೇಕು. ಹ್ಯಾಂಡ್‌ಬ್ರೇಕ್ ಕೂಡ ತಾನಾಗಿ ಬೀಗ ತೆರೆಯುವುದಿಲ್ಲ.

ಕಳ್ಳತನ ತಡೆಯಲೆಂದೇ ಇಷ್ಟು ಬಿಗಿ ಎನ್ನುತ್ತಾರೆ. ಹಾಗಿದ್ದರೆ ರಿಯಲ್‌ಡಿವಿಡಿಯನ್ನು ಯಾಕೆ ನಿಲ್ಲಿಸಿದರು? ರಿಯಲ್‌ನೆಟ್‌ವರ್ಕ್ಸ್ 2008ರಲ್ಲಿ ತಂದ ಆ ಸಾಫ್ಟ್‌ವೇರ್ ಡಿವಿಡಿಯ ಕಾಪಿ ಮಾಡುತ್ತಿತ್ತು, ಆದರೆ ಮೂಲದ ಬೀಗ ತೆಗೆಯದೆ ಅದರ ಮೇಲೆ ಇನ್ನೊಂದು ಬೀಗ ಹಾಕುತ್ತಿತ್ತು. ಆ ಕಾಪಿಯನ್ನು ಊರಿಗೆಲ್ಲ ಹಂಚಲು ಬರುತ್ತಿರಲಿಲ್ಲ. ಆದರೂ ಸ್ಟುಡಿಯೋಗಳು ಕೋರ್ಟಿಗೆ ಹೋದವು, 2009ರಲ್ಲಿ ಮಾರಾಟಕ್ಕೆ ತಡೆ ಬಿತ್ತು. ಹಂಚಲಾಗದ ಕಾಪಿಯನ್ನೂ ಒಪ್ಪದವರಿಗೆ ಕಳ್ಳತನದ ಚಿಂತೆಗಿಂತ ಅದೇ ಸಿನಿಮಾವನ್ನು ಇನ್ನೊಮ್ಮೆ ಮಾರುವ ಆಸೆ ಜಾಸ್ತಿ ಇತ್ತು ಎಂದೇ ನನಗೆ ಕಾಣುತ್ತದೆ.

ನಿಯಮ ಪಾಲಿಸಿದವರ ಗತಿಯನ್ನೂ ನೋಡಿ. 4ಕೆ ಬ್ಲೂ-ರೇ ಡಿಸ್ಕನ್ನು ಕಂಪ್ಯೂಟರಿನಲ್ಲಿ ಅಧಿಕೃತವಾಗಿ ನೋಡಲು ಇಂಟೆಲ್ ಪ್ರೊಸೆಸರಿನ ಎಸ್‌ಜಿಎಕ್ಸ್ ಎಂಬ ಸೌಲಭ್ಯ ಬೇಕಿತ್ತು. 11ನೇ ತಲೆಮಾರಿನ ಕೋರ್ ಪ್ರೊಸೆಸರ್‌ಗಳಿಂದ ಇಂಟೆಲ್ ಅದನ್ನು ಕೈಬಿಟ್ಟಿತು. ಡಿಸ್ಕ್ ಅಸಲಿ, ಡ್ರೈವ್ ಅಸಲಿ, ಪ್ಲೇಯರ್ ಸಾಫ್ಟ್‌ವೇರಿಗೂ ದುಡ್ಡು ಕೊಟ್ಟಿದ್ದಾರೆ. ಹೊಸ ಕಂಪ್ಯೂಟರ್ ಕೊಂಡ ಕೂಡಲೇ ಸಿನಿಮಾ ಓಡುವುದಿಲ್ಲ! ಕದ್ದ ಕಾಪಿ ನೋಡುವವರಿಗೆ ಈ ಯಾವ ತೊಂದರೆಯೂ ಬರಲಿಲ್ಲ. ಸ್ವಂತ ಡಿಸ್ಕನ್ನು ಸ್ವಂತ ಬಳಕೆಗೆ ಫೈಲ್ ಮಾಡಿಕೊಳ್ಳುವುದನ್ನು ಕಾನೂನು ಬಾಯಿಬಿಟ್ಟು ಒಪ್ಪಬೇಕು. ಆ ಫೈಲನ್ನು ಇನ್ನೊಬ್ಬರಿಗೆ ಕೊಡುವುದು, ಫೈಲ್ ಇಟ್ಟುಕೊಂಡು ಡಿಸ್ಕ್ ಮಾರುವುದು ಬೇರೆಯೇ ಮಾತು. ಅದಕ್ಕೆ ಈಗಿರುವ ಹಕ್ಕುಸ್ವಾಮ್ಯ ಕಾನೂನೇ ಸಾಕು.

ಕಾನೂನು ಅಡ್ಡಬಾರದ ಡಿಸ್ಕ್‌ಗಳೂ ಮನೆಯಲ್ಲಿ ಇರುತ್ತವೆ, ಅವುಗಳಿಂದ ಶುರು ಮಾಡುವುದು ಒಳ್ಳೆಯದು. ಮದುವೆ, ನಾಮಕರಣಗಳನ್ನು ಬರೆಸಿಟ್ಟ ಡಿವಿಡಿಗಳಿಗೆ ಬೀಗ ಇರುವುದಿಲ್ಲ. ಬರೆದ ಡಿಸ್ಕಿನಲ್ಲಿ ಮಾಹಿತಿ ಇರುವುದು ಬಣ್ಣದ ಪದರದಲ್ಲಿ, ಅದು ಅಚ್ಚು ಹಾಕಿದ ಡಿಸ್ಕಿಗಿಂತ ಬೇಗ ಕೆಡುವಂಥದ್ದು. ವಿಸಿಡಿಯಲ್ಲೂ ಸಿಎಸ್‌ಎಸ್‌ನಂಥ ಬೀಗ ಇಲ್ಲ. 1993ರ ಆ ಪದ್ಧತಿಯಲ್ಲಿ ಚಿತ್ರ ಬರೀ 352×288, ಎಂಪೆಗ್-1. ಒಂದು ಡಿಸ್ಕಿನಲ್ಲಿ 74 ನಿಮಿಷ ಮಾತ್ರ ಹಿಡಿಯುವುದರಿಂದ ಸಿನಿಮಾ ಎರಡು ಮೂರು ಡಿಸ್ಕಿಗೆ ಹಂಚಿರುತ್ತದೆ. ಎಂಪೆಗ್‌ಎವಿ ಫೋಲ್ಡರಿನ ಡಿಎಟಿ ಫೈಲುಗಳನ್ನು ತೆಗೆದು ಎಂಪಿಜಿ ಮಾಡಿಟ್ಟರಾಯಿತು, ಹಿಗ್ಗಿಸಲು ಹೋಗಬೇಡಿ. ಬೇರೆಲ್ಲೂ ಸಿಗದ ಸಿನಿಮಾಗಳು ವಿಸಿಡಿಯಲ್ಲಿ ಮಾತ್ರ ಉಳಿದಿರುವುದುಂಟು.

ಹೊರಗಿನಿಂದ ಯುಎಸ್‌ಬಿಗೆ ಜೋಡಿಸುವ ಡ್ರೈವ್ ಒಂದನ್ನು ಸಿಗುವಾಗಲೇ ತೆಗೆದಿಟ್ಟುಕೊಳ್ಳಿ. ಒಂದು ಡ್ರೈವ್ ಓದದ ಡಿಸ್ಕನ್ನು ಇನ್ನೊಂದು ಓದುವುದುಂಟು, ಹಾಗಾಗಿ ಹಳೆಯ ಕಂಪ್ಯೂಟರಿನ ಡ್ರೈವನ್ನೂ ಎಸೆಯಬೇಡಿ. 8.5 ಜಿಬಿಗಿಂತ ದೊಡ್ಡ ಸಿನಿಮಾ ಡಿವಿಡಿ ಅಪರೂಪ. ನೂರು ಡಿವಿಡಿಗಳೂ 1 ಟಿಬಿ ಹಾರ್ಡ್ ಡಿಸ್ಕಿನಲ್ಲಿ ಹಿಡಿಯುತ್ತವೆ. ಎರಡು ಹಾರ್ಡ್ ಡಿಸ್ಕಿನಲ್ಲಿ ಒಂದೊಂದು ಕಾಪಿ ಇರಲಿ, ಎರಡೂ ಒಂದೇ ಕಡೆ ಬೇಡ. ಫೋನಿನ ಮೆಮೊರಿ ಕಾರ್ಡ್ ಎಫ್‌ಎಟಿ32 ಎಂಬ ಹಳೆಯ ಫಾರ್ಮ್ಯಾಟಿನಲ್ಲಿದ್ದರೆ 4 ಜಿಬಿಗಿಂತ ದೊಡ್ಡ ಫೈಲ್ ಅದರಲ್ಲಿ ಕೂರುವುದಿಲ್ಲ, ಎಕ್ಸ್‌ಫ್ಯಾಟ್ ಫಾರ್ಮ್ಯಾಟ್ ಮಾಡಿಕೊಳ್ಳಬೇಕು. ಫೈಲ್ ಆದ ಮೇಲೆ ಮೊದಲ ಐದು ನಿಮಿಷ ನೋಡಿ ಸರಿ ಇದೆ ಎಂದುಕೊಳ್ಳಬೇಡಿ. ಎರಡು ಪದರದ ಡಿವಿಡಿಯಲ್ಲಿ ಓದುವಾಗ ತೊಡಕಾಗುವುದು ಪದರ ಬದಲಾಗುವ ಕಡೆ, ಅಂದರೆ ಸಿನಿಮಾದ ನಡುಭಾಗದಲ್ಲಿ, ಗೀರು ಜಾಸ್ತಿ ಇರುವುದು ಡಿಸ್ಕಿನ ಹೊರ ಅಂಚಿನಲ್ಲಿ. ನಡುವೆ ಒಂದೆರಡು ಕಡೆ, ಕೊನೆಯ ಹತ್ತು ನಿಮಿಷ, ತುಟಿಗೂ ಮಾತಿಗೂ ತಾಳೆ ಇದೆಯೇ, ಸಬ್‌ಟೈಟಲ್ ಬರುತ್ತಿದೆಯೇ ಎಂದು ಇಯರ್‌ಫೋನ್ ಹಾಕಿಕೊಂಡು ನೋಡಿ. ತಪ್ಪಿದ್ದರೆ ಡಿಸ್ಕ್ ಇನ್ನೂ ಓದುವ ಸ್ಥಿತಿಯಲ್ಲಿರುವಾಗಲೇ ಮತ್ತೊಮ್ಮೆ ಮಾಡಿ.